ಹರಾಜಿನ ಬೆಳ್ಳಿ: ಮೇಲ್ಮೈ ಓದಲು ಕಲಿತ ಬಗೆ

ಬೆಳ್ಳಿ ಸಂಗ್ರಹಿಸುವವರಲ್ಲಿ ಹೆಚ್ಚಿನವರು 18ನೆಯ ಶತಮಾನದ ಚಹಾಪಾತ್ರೆ, ತಟ್ಟೆ, ದೀಪದ ಕಂಬಗಳತ್ತ ಹೋಗುತ್ತಾರೆ. ನನ್ನ ಮನಸ್ಸು ಸೆಳೆದದ್ದು ತೀರ ಈಚಿನ ಕಾಲದ ಬೆಳ್ಳಿ. 1960 ಮತ್ತು 70ರ ದಶಕಗಳಲ್ಲಿ ಬ್ರಿಟನ್ನಿನ ಕೆಲವು ವಿನ್ಯಾಸಕಾರರು ಹಳೆಯ ಮಾದರಿಗಳನ್ನು ನಕಲು ಮಾಡುವುದನ್ನು ಬಿಟ್ಟು, ಲೋಹದ ಮೈಯನ್ನೇ ಒರಟಾಗಿಸಿ, ಕರಗಿಸಿ, ಎಳೆಎಳೆಯಾಗಿ ಹೆಣೆದು, ಅದಕ್ಕೆ ಅಲ್ಲಲ್ಲಿ ಚಿನ್ನದ ಮುಲಾಮು ಕೊಟ್ಟು ಮಾಡಿದ ಬಟ್ಟಲುಗಳು, ದೀಪಗಳು, ಪೆಟ್ಟಿಗೆಗಳು ಮತ್ತು ಅಂಗೈಯಲ್ಲಿ ಹಿಡಿಯುವ ಚಮತ್ಕಾರದ ವಸ್ತುಗಳು ನನ್ನ ಆಸಕ್ತಿ. ಈ ಕೊನೆಯ ಬಗೆಯನ್ನು ಹರಾಜಿನವರು ‘ನಾವೆಲ್ಟಿ’ ಎನ್ನುತ್ತಾರೆ. ಇವುಗಳನ್ನು ಕೊಳ್ಳಲು ನಾನು ಕಲಿತದ್ದು ಹರಾಜಿನಲ್ಲಿಯೇ, ಅದೂ ಮೊದಲ ಖರೀದಿಯಲ್ಲಿ ಚೆನ್ನಾಗಿ ಪೆಟ್ಟು ತಿಂದ ಮೇಲೆ.

ಆ ಮೊದಲ ವಸ್ತು 1970ರ ದಶಕದ ಒಂದು ನೀರಿನ ಬಟ್ಟಲು. ಕ್ಯಾಟಲಾಗಿನಲ್ಲಿದ್ದ ಚಿತ್ರ ಮುಂಭಾಗದ್ದು, ಒಂದೇ ಒಂದು. ವಿವರಣೆಯಲ್ಲಿ ಮುದ್ರೆ (ಬೆಳ್ಳಿಯನ್ನು ಪರೀಕ್ಷಿಸಿ ಒತ್ತುವ ಗುರುತು) ಸ್ಪಷ್ಟವಾಗಿದೆ, ವಯಸ್ಸಿಗೆ ತಕ್ಕ ಅಲ್ಪ ಸವೆತವಿದೆ ಎಂದು ಬರೆದಿತ್ತು. ನಾನು ತೂಕ ನೋಡಿದೆ, ಅಂದಿನ ಬೆಳ್ಳಿಯ ದರಕ್ಕೆ ಗುಣಿಸಿದೆ, ಅಂದಾಜು ಬೆಲೆ ಅದಕ್ಕಿಂತ ಸ್ವಲ್ಪವೇ ಹೆಚ್ಚಿದ್ದುದರಿಂದ ನಷ್ಟವೆಂಬುದೇ ಇಲ್ಲವೆಂದುಕೊಂಡು ಕೂಗಿದೆ, ವಸ್ತು ನನ್ನದಾಯಿತು. ಮನೆಗೆ ಬಂದ ಬಟ್ಟಲಿನ ಹೊರಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಅದು ಹೊಳೆಯಬಾರದಿತ್ತು. ಮರದ ತೊಗಟೆಯಂತೆ ಗೀರುಗೀರಾಗಿರಬೇಕಿದ್ದ ಮೈಯನ್ನು ಯಾರೋ ಯಂತ್ರದ ಚಕ್ರಕ್ಕೆ ಹಿಡಿದು ತೀಡಿದ್ದರು. ಕಾಲಿನ ಬಳಿ, ಚಕ್ರ ತಲುಪದ ಒಂದು ಬೆರಳಗಲದ ಪಟ್ಟಿಯಲ್ಲಿ ಮಾತ್ರ ಮೂಲ ಕೆಲಸ ಉಳಿದಿತ್ತು. ಒಳಗಿನ ಚಿನ್ನದ ಮುಲಾಮು ತಳದಲ್ಲಿ ಹರಿದು, ಬೆಳ್ಳಿ ಬಿಳಿಬಿಳಿಯಾಗಿ ಇಣುಕುತ್ತಿತ್ತು. ತೂಕದಲ್ಲಿ ಮೋಸವಿರಲಿಲ್ಲ, ಮುದ್ರೆಯೂ ನಿಜದ್ದೇ. ನಾನು ಕೊಂಡದ್ದು ಲೋಹ ಮಾತ್ರ. ಕೆಲಸ ನನಗಿಂತ ಮೊದಲೇ ಹೊರಟುಹೋಗಿತ್ತು.

ಆ ಪಟ್ಟಿಯನ್ನು ಭೂತಗನ್ನಡಿಯಲ್ಲಿ ನೋಡುತ್ತ ಕುಳಿತಾಗಲೇ ನನಗೆ ಈ ಬಗೆಯ ಬೆಳ್ಳಿಯ ಗುಟ್ಟು ತಿಳಿದದ್ದು. ನಯವಾದ ಹಳೆಯ ಪಾತ್ರೆ ನೆಗ್ಗಿದರೆ ನುರಿತ ಕೆಲಸಗಾರ ಒಳಗಿನಿಂದ ಬಡಿದು ಸರಿಮಾಡಬಲ್ಲ, ಗೀರು ಬಿದ್ದರೆ ತೀಡಬಲ್ಲ. ಒರಟು ಮೈಯ ಬೆಳ್ಳಿಯಲ್ಲಿ ಹಾಗಾಗುವುದಿಲ್ಲ. ಬ್ರಿಟನ್ನಿನ ಬೆಳ್ಳಿ ಕೆಲಸಗಾರ ಜೆರಾಲ್ಡ್ ಬೆನ್ನಿ ತಮ್ಮ ಪ್ರಸಿದ್ಧವಾದ ತೊಗಟೆಯಂಥ ಮೈಯನ್ನು ಕಂಡುಕೊಂಡದ್ದು, ಮುಖ ಕೆಟ್ಟ ಸುತ್ತಿಗೆಯೊಂದನ್ನು ಗಮನಿಸದೆ ಎತ್ತಿಕೊಂಡು ಬಡಿದಾಗ ಎಂದು ಹೇಳುತ್ತಾರೆ. ಕೈಯ ಬೆವರಿನ ಗುರುತು ಅದರ ಮೇಲೆ ಬೇಗ ಕಾಣುವುದಿಲ್ಲ, ಬೆಳಕು ಒಂದೇ ಕಡೆ ನಿಲ್ಲದೆ ಚದುರುತ್ತದೆ, ಆದ್ದರಿಂದ ಆ ಕಾಲದ ಅನೇಕರು ಅಂಥ ಮೈಯನ್ನು ತಮ್ಮ ತಮ್ಮ ರೀತಿಯಲ್ಲಿ ಬಳಸಿದರು. ಒಂದೊಂದು ಗೀರೂ ಒಂದೊಂದು ಏಟಿನ ಗುರುತು. ಒಮ್ಮೆ ತೀಡಿಹೋದ ಏಟನ್ನು ಮರಳಿ ತರಲು ಯಾವ ರಿಪೇರಿಯಿಂದಲೂ ಆಗದು. ಚಿನ್ನವನ್ನು ಮತ್ತೆ ಏರಿಸಬಹುದು, ಮುರಿದ ಬಿಜಾಗರಿಯನ್ನು ಬೆಸೆಯಬಹುದು, ಮೇಲ್ಮೈ ಮಾತ್ರ ಹೋದರೆ ಹೋದಂತೆ. ಹಾಗಾಗಿ ಅಂದಿನಿಂದ ನಾನು ಮೊದಲು ನೋಡುವುದು ಮೇಲ್ಮೈಯನ್ನು, ತೂಕ ನೋಡುವುದು ಎಲ್ಲ ಮುಗಿದ ಮೇಲೆ.

ನನ್ನ ಸಂಗ್ರಹದ ನಡುಮನೆಯಲ್ಲಿರುವವರು ಸ್ಟುವರ್ಟ್ ಡೆವ್ಲಿನ್. 1931ರಲ್ಲಿ ಆಸ್ಟ್ರೇಲಿಯಾದ ಜೀಲಾಂಗಿನಲ್ಲಿ ಹುಟ್ಟಿದ ಅವರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತು, 1965ರಲ್ಲಿ ಅಲ್ಲಿಯೇ ಕಮ್ಮಟ ತೆರೆದರು. 1966ರಲ್ಲಿ ಆಸ್ಟ್ರೇಲಿಯಾ ದಶಮಾನ ನಾಣ್ಯಗಳಿಗೆ ಬದಲಾದಾಗ ಅವುಗಳ ಮೇಲಿನ ಪ್ರಾಣಿಗಳನ್ನು ರೂಪಿಸಿದವರೂ ಇವರೇ. 1982ರಲ್ಲಿ ರಾಣಿಯ ಅಕ್ಕಸಾಲಿಗರೆಂಬ ಮಾನ್ಯತೆ ಪಡೆದು, 2018ರಲ್ಲಿ ತೀರಿಕೊಂಡರು. ಅವರ ಬೆಳ್ಳಿಯ ಮೊಟ್ಟೆಗಳು ನನ್ನಂಥವರಿಗೆ ಮೊದಲ ಮೋಹ. ಹೊರಗೆ ಒರಟಾದ ಚಿನ್ನದ ಚಿಪ್ಪು, ಬಿಡಿಸಿದರೆ ಒಳಗೊಂದು ಅಚ್ಚರಿ. ಮಿತ ಸಂಖ್ಯೆಯಲ್ಲಿ ಮಾಡಿ ಪ್ರತಿಯೊಂದಕ್ಕೂ ಕ್ರಮಾಂಕ ಕೊರೆಯುತ್ತಿದ್ದುದರಿಂದ ಒಂದು ಮೊಟ್ಟೆಯ ಗುರುತು ಮತ್ತೊಂದರೊಡನೆ ಬೆರೆಯುವುದಿಲ್ಲ. ಇದೇ ದಾರಿಯಲ್ಲಿ ಇನ್ನೊಬ್ಬ ಬೆಳ್ಳಿ ಕೆಲಸಗಾರ ಕ್ರಿಸ್ಟೋಫರ್ ನೈಜೆಲ್ ಲಾರೆನ್ಸ್ ಮಾಡಿದ ಅಣಬೆಗಳನ್ನು ನೋಡದೆ ನಾವೆಲ್ಟಿಯ ಮಾತು ಪೂರ್ಣವಾಗದು.

ಅಂಥ ಒಂದು ಅಣಬೆಯನ್ನು ಹರಾಜಿಗೆ ಮುಂಚಿನ ವೀಕ್ಷಣೆಯ ದಿನ ಕೈಗೆ ತೆಗೆದುಕೊಂಡದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬೆಳ್ಳಿಯ ಕೊಡೆ, ಅದರ ಮೇಲೆ ಮಳೆಯಲ್ಲಿ ತೊಯ್ದು ಒಣಗಿದ ತೊಗಲಿನಂಥ ಸುಕ್ಕು, ಕೆಳಗೆ ಗಟ್ಟಿ ಕಾಂಡ. ಕೊಡೆಯನ್ನು ಮೆಲ್ಲಗೆ ಎತ್ತಿದಾಗ ಒಳಗೆ ಚಿನ್ನದ ಹುಲ್ಲಿನ ನಡುವೆ ಒಂದು ಪುಟ್ಟ ಜೀವಲೋಕ ಕಾಣಿಸಿತು. ಭೂತಗನ್ನಡಿ ಹಿಡಿದು ಒಂದೊಂದು ಎಸಳನ್ನೂ ನೋಡಿದೆ: ತುದಿಯ ಚಿನ್ನ ಸವೆದಿಲ್ಲ, ಯಾವ ಎಸಳೂ ಬಾಗಿ ಮತ್ತೆ ನೆಟ್ಟಗಾದ ಗುರುತಿಲ್ಲ, ಬೆಸುಗೆಯ ಬೂದು ಚುಕ್ಕೆ ಎಲ್ಲಿಯೂ ಇಲ್ಲ. ಕೊಡೆ ಕಾಂಡದ ಮೇಲೆ ಕೂರುವಾಗ ಸಣ್ಣಗೆ ಟಕ್ಕೆಂದಿತು. ಆ ಶಬ್ದ ಅಳ್ಳಕವಾಗಿರಲಿಲ್ಲ, ಬಿಗಿಯೂ ಆಗಿರಲಿಲ್ಲ. ಹೊರಗಿನ ಸುಕ್ಕಿನ ತಗ್ಗುಗಳಲ್ಲಿ ಕಪ್ಪು ನೆರಳು ಹಾಗೆಯೇ ಉಳಿದಿತ್ತು, ಎಂದರೆ ಅತಿ ಆಸೆಯಿಂದ ಯಾರೂ ಅದನ್ನು ಉಜ್ಜಿರಲಿಲ್ಲ. ಆ ದಿನ ಅಲ್ಲಿದ್ದ ಬೇರೆ ಯಾವ ವಸ್ತುವನ್ನೂ ನಾನು ಸರಿಯಾಗಿ ನೋಡಲಿಲ್ಲ.

ವೀಕ್ಷಣೆಗೆ ಹೋಗುವಾಗ ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿ, ಸಣ್ಣ ದೀಪ ಮತ್ತು ಟಿಪ್ಪಣಿ ಪುಸ್ತಕ ನನ್ನ ಬಳಿ ಇರುತ್ತವೆ. ಮೊದಲು ವಸ್ತುವನ್ನು ದೀಪಕ್ಕೆ ಓರೆಯಾಗಿ ಹಿಡಿಯುತ್ತೇನೆ, ಏಕೆಂದರೆ ನೇರ ಬೆಳಕಿನಲ್ಲಿ ಅಡಗುವ ತೀಡಿಕೆ ಓರೆಬೆಳಕಿನಲ್ಲಿ ಬಯಲಾಗುತ್ತದೆ. ಅನಂತರ ನಯವಾದ ಭಾಗಗಳ ಮೇಲೆ ಬಾಯಿಯಿಂದ ಬೆಚ್ಚನೆಯ ಉಸಿರು ಬಿಡುತ್ತೇನೆ. ಆವಿ ಕವಿದ ಕ್ಷಣದಲ್ಲಿ ಬೆಸುಗೆಯ ಗೆರೆ, ಅಳಿಸಿದ ಹೆಸರಿನ ನೆರಳು, ತೇಪೆಯ ಅಂಚು ಮೇಲೆದ್ದು ಕಾಣುತ್ತವೆ. ಹೆಸರು ಅಳಿಸಿದ ಜಾಗದಲ್ಲಿ ಲೋಹ ತೆಳುವಾಗಿರುವುದರಿಂದ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿದರೆ ಅದು ಬಳುಕುವುದು ಗೊತ್ತಾಗುತ್ತದೆ. ಚಿನ್ನದ ಮುಲಾಮು ಎಲ್ಲೆಡೆ ಒಂದೇ ಸಮನಾಗಿ ಝಗಝಗಿಸುತ್ತಿದ್ದರೆ ನಾನು ಹಿಂಜರಿಯುತ್ತೇನೆ. ಬಳಸಿದ ವಸ್ತುವಿನಲ್ಲಿ ತುಟಿ ತಾಕುವ ಅಂಚು, ಕೈ ಹಿಡಿಯುವ ಬದಿ ಉಳಿದ ಕಡೆಗಿಂತ ಸ್ವಲ್ಪ ಮಂಕಾಗಿರುವುದೇ ಸಹಜ. ಹೊಸ ಮುಲಾಮು ಈ ಬದುಕಿನ ಗುರುತನ್ನೂ ಅದರ ಕೆಳಗಿನ ತೀಡಿಕೆಯನ್ನೂ ಒಟ್ಟಿಗೆ ಮುಚ್ಚಿಬಿಡುತ್ತದೆ.

ಹೋಗಲು ಸಾಧ್ಯವಾಗದಿದ್ದರೆ ಸ್ಥಿತಿಯ ವರದಿ ಕೇಳುತ್ತೇನೆ. ಆದರೆ ‘ಸ್ಥಿತಿ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವಷ್ಟೇ ಬರುತ್ತದೆ. ಅದಕ್ಕಾಗಿ ಗೀರುಗಳ ಅಂಚು ಬೆರಳಿಗೆ ತಾಕುತ್ತದೆಯೇ, ಒಳಗಿನ ಚಿನ್ನ ಯಾವ ಭಾಗದಲ್ಲಿ ಸವೆದಿದೆ, ಬಿಡಿ ಭಾಗಗಳ ಮೇಲೆಲ್ಲ ಮುದ್ರೆಯಿದೆಯೇ, ಓರೆಬೆಳಕಿನಲ್ಲಿ ತೆಗೆದ ನಾಲ್ಕು ಚಿತ್ರ ಕಳಿಸುವಿರಾ ಎಂದು ಬಿಡಿಸಿ ಕೇಳುತ್ತೇನೆ. ಆ ಚಿತ್ರಗಳು ಬಾರದಿದ್ದರೆ ಕೂಗುವುದಿಲ್ಲ.

ಮುದ್ರೆಗಳನ್ನು ಓದುವುದು ಕಷ್ಟವಲ್ಲ, ಆದರೆ ಬಿಡುವಿನಿಂದ ಓದಬೇಕು. ನಡೆಯುತ್ತಿರುವ ಸಿಂಹ ಎಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ಪರೀಕ್ಷೆ ನಡೆದ ಊರಿಗೂ ಒಂದು ಗುರುತುಂಟು: ಚಿರತೆಯ ತಲೆ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮಿನದು, ಕೋಟೆ ಎಡಿನ್‌ಬರೋದ್ದು. ಷೆಫೀಲ್ಡ್ ಮಾತ್ರ ಕಿರೀಟವನ್ನು ಬಿಟ್ಟು 1975ರಿಂದ ಗುಲಾಬಿಯನ್ನು ಹಿಡಿಯಿತು. ಅದೇ ವರ್ಷದಿಂದ ಬ್ರಿಟನ್ನಿನ ಎಲ್ಲ ಪರೀಕ್ಷಾ ಕಚೇರಿಗಳೂ ಒಂದೇ ವರ್ಷಾಕ್ಷರ (ಮುದ್ರೆ ಒತ್ತಿದ ವರ್ಷವನ್ನು ಸೂಚಿಸುವ ಅಕ್ಷರ) ಬಳಸತೊಡಗಿದ್ದರಿಂದ, ಅಲ್ಲಿಂದೀಚಿನ ವಸ್ತುಗಳ ಕಾಲ ಹೇಳುವುದು ಸುಲಭವಾಗಿದೆ. 1999ರಿಂದ ವರ್ಷಾಕ್ಷರ ಕಡ್ಡಾಯವಲ್ಲ, ಆದ್ದರಿಂದ ಅದಿಲ್ಲವೆಂದು ಹೊಸ ವಸ್ತುವನ್ನು ಸಂಶಯಿಸಬಾರದು. ಡೆವ್ಲಿನ್ ಅವರ ಗುರುತು ‘ಎಸ್‌ಡಿ’ ಎಂಬ ಎರಡಕ್ಷರ. ನಾನು ಹೆಚ್ಚು ಹೊತ್ತು ಕಳೆಯುವುದು ಬಿಡಿ ಭಾಗಗಳ ಮೇಲೆ: ಮುಚ್ಚಳಕ್ಕೂ ತಳಕ್ಕೂ ಬೇರೆ ಬೇರೆ ವರ್ಷದ ಅಕ್ಷರವಿದ್ದರೆ, ಅಥವಾ ಒಂದರ ಮೇಲೆ ಮುದ್ರೆಯೇ ಇಲ್ಲದಿದ್ದರೆ, ಎರಡು ವಸ್ತುಗಳು ಸೇರಿ ಒಂದಾಗಿರುವ ಸಾಧ್ಯತೆಯಿದೆ. ಮುದ್ರೆಯ ಮೇಲೆ ಗೀರಿನ ಮೈ ಹಾದುಹೋಗಿದೆಯೇ, ಮುದ್ರೆಯ ಅಂಚುಗಳೂ ಸುತ್ತಲಿನ ಮೈಯೂ ಒಂದೇ ಬಗೆಯಲ್ಲಿ ಸವೆದಿವೆಯೇ ಎಂಬುದನ್ನೂ ನೋಡುತ್ತೇನೆ. ಮುದ್ರೆ ಮಸುಕಾಗಿ ಸುತ್ತಮುತ್ತ ನುಣುಪಾಗಿದ್ದರೆ ಅಲ್ಲಿ ಚಕ್ರ ಓಡಾಡಿದೆ ಎಂದೇ ಅರ್ಥ.

ಮೂಲ ಪೆಟ್ಟಿಗೆ ಮತ್ತು ಅದರೊಳಗಿನ ಚೀಟಿಯನ್ನು ನಾನು ಮೊದಮೊದಲು ಅಲಕ್ಷಿಸಿದ್ದೆ. ಮಿತ ಸಂಖ್ಯೆಯ ವಸ್ತುಗಳಲ್ಲಿ ಅವೂ ವಸ್ತುವಿನದೇ ಭಾಗ. ಬೆಳ್ಳಿಯ ಮೇಲೆ ಕೊರೆದ ಕ್ರಮಾಂಕ ಚೀಟಿಯ ಕ್ರಮಾಂಕಕ್ಕೆ ಹೊಂದಿದರೆ, ವಸ್ತು ತನ್ನ ಪೆಟ್ಟಿಗೆಯಲ್ಲೇ ಉಳಿದುಬಂದಿದೆ ಎಂದು ನಂಬಲು ಆಧಾರ ಸಿಗುತ್ತದೆ. ಪೆಟ್ಟಿಗೆಯಲ್ಲಿ ಉಳಿದದ್ದು ಕಡಿಮೆ ಉಜ್ಜಿಸಿಕೊಂಡಿರುತ್ತದೆ ಎಂಬುದು ನನ್ನ ಅನುಭವ.

ನಾವೆಲ್ಟಿಯಲ್ಲಿ ಹಿಂದಿನ ಕಾಲದವೂ ಬರುತ್ತವೆ. ಸ್ಯಾಂಪ್ಸನ್ ಮಾರ್ಡನ್ 1822ರಲ್ಲಿ ಸೀಸ ಮುಂದೆ ಸರಿಯುವ ಪೆನ್ಸಿಲ್ಲಿಗೆ ಪೇಟೆಂಟ್ ಪಡೆದವರಲ್ಲೊಬ್ಬ. ಅವನ ಹೆಸರಿನ ಕಾರ್ಖಾನೆಯ ಪೆನ್ಸಿಲ್ಲುಗಳು, ಬೆಂಕಿಕಡ್ಡಿ ಡಬ್ಬಿಗಳು ಇಂದಿಗೂ ಪೈಪೋಟಿಯಿಂದ ಮಾರಾಟವಾಗುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿದ, ಹಂದಿ, ಆನೆ, ಕೋಳಿಮರಿಗಳ ರೂಪದ ಗುಂಡುಸೂಜಿ ದಿಂಬುಗಳೂ ಹಾಗೆಯೇ. ಇವುಗಳಲ್ಲಿ ನಕಲು ಬಹಳ. ಹಳೆಯದು ತೆಳು ತಗಡಿನಿಂದ ಆಗಿರುವುದರಿಂದ ಕಿವಿ, ಮೂತಿ, ಕಾಲಿನ ತುದಿಗಳಲ್ಲಿ ಸಣ್ಣ ತೂತು ಬಿದ್ದಿರುವುದುಂಟು. ನಕಲು ದಪ್ಪಗೆ ಎರಕ ಹೊಯ್ದಿದ್ದು ಕೈಗೆ ಅನುಮಾನ ಬರುವಷ್ಟು ಭಾರವಾಗಿರುತ್ತದೆ. ನಾನು ಈ ದಾರಿಯಲ್ಲಿ ದೂರ ಹೋಗಲಿಲ್ಲ.

ಹಣದ ಲೆಕ್ಕವನ್ನು ಕೂಗುವ ಮುನ್ನವೇ ಮುಗಿಸಬೇಕು. ಸುತ್ತಿಗೆ ಬಿದ್ದ ಬೆಲೆ ಕೊಡಬೇಕಾದ ಬೆಲೆಯಲ್ಲ. 400 ಪೌಂಡಿಗೆ ಸುತ್ತಿಗೆ ಬಿದ್ದು, ಕೊಳ್ಳುವವರ ಕಮಿಷನ್ ಶೇ. 25 ಇದ್ದರೆ ಅದು 100 ಪೌಂಡ್. ಆ ಕಮಿಷನ್ನಿನ ಮೇಲೆ ಶೇ. 20ರ ತೆರಿಗೆ ಇನ್ನೊಂದು 20. ಒಟ್ಟು 520. ಆನ್‌ಲೈನಿನಲ್ಲಿ ಕೂಗಿದರೆ ಆ ವೇದಿಕೆಯ ಶುಲ್ಕ, ಮನೆಗೆ ತರಿಸಿದರೆ ಸಾಗಣೆ ಮತ್ತು ವಿಮೆ ಬೇರೆ. ನಾನು ಒಟ್ಟು ಎಷ್ಟು ಕೊಡಬಲ್ಲೆ ಎಂಬಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಕೂಗಿನ ಮಿತಿಯನ್ನು ಕ್ಯಾಟಲಾಗಿನ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ. ತೂಕ ನನಗೆ ಬೇಕಾಗುವುದು ಇಲ್ಲಿಯೇ: ಒಂದು ಟ್ರಾಯ್ ಔನ್ಸ್ ಎಂದರೆ 31.1 ಗ್ರಾಂ, ಆ ಲೆಕ್ಕದಲ್ಲಿ ಲೋಹದ ಬೆಲೆ ಬರೆದಿಟ್ಟರೆ ಅದರ ಮೇಲಿನ ಹಣವನ್ನು ಕೆಲಸಕ್ಕಾಗಿ ಕೊಡುತ್ತಿದ್ದೇನೆ ಎಂಬುದು ಕಣ್ಣೆದುರಿಗಿರುತ್ತದೆ. ತಳ ತುಂಬಿದ ದೀಪದ ಕಂಬಗಳ ತೂಕದಲ್ಲಿ ಬೆಳ್ಳಿಯಲ್ಲದ್ದೂ ಸೇರಿರುತ್ತದೆ, ಅಲ್ಲಿ ಈ ಲೆಕ್ಕ ನಡೆಯದು. ಬೆಳ್ಳಿಯ ದರ ಏರಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1980ರ ಜನವರಿಯಲ್ಲಿ ಔನ್ಸಿಗೆ ಸುಮಾರು 50 ಡಾಲರಿನ ಮಟ್ಟ ಮುಟ್ಟಿದಾಗ ಎಷ್ಟೋ ಪಾತ್ರೆಗಳು ಕುಲುಮೆಗೆ ಹೋದವು.

ಆ ಅಣಬೆಗೆ ನಾನು ಬರೆದಿಟ್ಟಿದ್ದ ಮಿತಿಯನ್ನು ಒಮ್ಮೆ ಮಾತ್ರ ಮೀರಿದೆ, ಒಂದೇ ಮೆಟ್ಟಿಲು. ಕೊಠಡಿಯಲ್ಲಿ ಎದುರಾಳಿ ಯಾರೆಂದು ಕಾಣುತ್ತಿರಲಿಲ್ಲ, ಅವರು ಫೋನಿನಲ್ಲಿದ್ದರು. ಮೌನ ಉದ್ದವಾಯಿತು, ಸುತ್ತಿಗೆ ಬಿತ್ತು. ಅದೇ ವರ್ಷ ಡೆವ್ಲಿನ್ ಅವರ ಒಂದು ಮೊಟ್ಟೆಯನ್ನು ಮಿತಿ ಮುಟ್ಟಿದೊಡನೆ ಬಿಟ್ಟುಕೊಟ್ಟೆ. ಅದರ ಚಿಪ್ಪಿನ ಅಂಚಿನಲ್ಲಿ ಚಿನ್ನ ಸವೆದಿದ್ದುದನ್ನು ನೋಡಿದ್ದರಿಂದ ಬಿಡುವುದು ಸುಲಭವಾಯಿತು.

ಮನೆಗೆ ಬಂದ ಮೇಲೆ ನಾನು ಮಾಡುವುದು ಬಹಳ ಕಡಿಮೆ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಉಣ್ಣೆ ಮತ್ತು ರಬ್ಬರು ಅದನ್ನು ತ್ವರೆಗೊಳಿಸುವುದರಿಂದ ಅವು ಕಪಾಟಿನಲ್ಲಿ ಇರುವುದಿಲ್ಲ, ರಬ್ಬರ್ ಬ್ಯಾಂಡಂತೂ ಒಂದು ಕಪ್ಪು ಗೆರೆಯನ್ನೇ ಬಿಟ್ಟುಹೋಗುತ್ತದೆ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಕಪ್ಪಾಗದಂತೆ ತಡೆಯುವ ಬಟ್ಟೆಯ ಚೀಲದಲ್ಲಿಡುತ್ತೇನೆ. ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆದು, ತೀರ ಅಗತ್ಯವಾದರೆ ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಸಾಬೂನಿನಲ್ಲಿ ತೊಳೆದು ತಕ್ಷಣ ಒಣಗಿಸುತ್ತೇನೆ. ಅದ್ದಿ ತೆಗೆಯುವ ದ್ರಾವಣವನ್ನು ಈ ಬಗೆಯ ಬೆಳ್ಳಿಗೆ ಎಂದಿಗೂ ಬಳಸಿಲ್ಲ. ತಗ್ಗಿನ ನೆರಳೆಲ್ಲ ಅದರಲ್ಲಿ ಕರಗಿಹೋಗಿ, ಗೀರಿನ ಮೈ ಬೂದು ಬಣ್ಣದ ಸುಣ್ಣದ ಗೋಡೆಯಂತಾಗುತ್ತದೆ.

ಆ ಮೊದಲ ಬಟ್ಟಲನ್ನು ಕೆಲವು ವರ್ಷ ಇಟ್ಟುಕೊಂಡಿದ್ದು, ಈಚೆಗೆ ಮಾರಿದೆ. ಹರಾಜಿನವರು ಬರೆದ ಮೊದಲ ವಿವರಣೆಯಲ್ಲಿ ಮತ್ತೆ ಅದೇ ‘ವಯಸ್ಸಿಗೆ ತಕ್ಕ ಸವೆತ’ ಇತ್ತು. ಹೊರಮೈ ಯಂತ್ರದಿಂದ ತೀಡಲ್ಪಟ್ಟಿದೆ, ಮೂಲ ಕೆಲಸ ಕಾಲಿನ ಬಳಿಯ ಪಟ್ಟಿಯಲ್ಲಿ ಮಾತ್ರ ಉಳಿದಿದೆ, ಒಳಗಿನ ಮುಲಾಮು ಹರಿದಿದೆ ಎಂದು ಬರೆಸಿ, ಆ ಪಟ್ಟಿಯ ಹತ್ತಿರದ ಚಿತ್ರವೊಂದನ್ನು ಸೇರಿಸಲು ಕೇಳಿಕೊಂಡೆ. ಲೋಹದ ಬೆಲೆಗಿಂತ ತುಸು ಹೆಚ್ಚಿಗೆ ಅದು ಹೋಯಿತು.