ಮೂರನೇ ದಿನ ಮನೆಗೆ ಬರುವ ದುಡ್ಡು: ಕೆಲಸದಲ್ಲಿ ತೀರಿಕೊಂಡವರ ಮನೆಯವರು ಪರಿಹಾರ ಕೇಳುವುದು ಹೇಗೆ

ನನ್ನ ತಮ್ಮ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. 2021ರಲ್ಲಿ ನಾಲ್ಕನೇ ಮಹಡಿಯಿಂದ ಬಿದ್ದು ತೀರಿಕೊಂಡಾಗ ಅವನಿಗೆ ಮೂವತ್ತೈದು ವರ್ಷ. ಹೆಂಡತಿ, ಇಬ್ಬರು ಮಕ್ಕಳು, ನಮ್ಮವ್ವ, ಎಲ್ಲರೂ ಅವನ ದುಡಿಮೆಯ ಮೇಲೇ ಇದ್ದವರು. ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಮನೆಯಲ್ಲಿ ಕಾಗದ ಓದಬಲ್ಲವಳು ನಾನೊಬ್ಬಳೇ ಆದ್ದರಿಂದ ಕೇಸು ನನ್ನ ಹೆಗಲಿಗೆ ಬಂತು. ಆಗ ನನಗೆ ಯಾರೂ ಹೇಳದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಣ್ಣು ಮಾಡಿದ ಮೂರನೇ ದಿನ ಮೇಸ್ತ್ರಿ ಬಂದ. ಕಟ್ಟೆಯ ಮೇಲೆ ಕೂತು ಐವತ್ತು ಸಾವಿರ ರೂಪಾಯಿ, ಟೈಪ್ ಮಾಡಿಸಿದ ಒಂದು ಸ್ಟಾಂಪ್ ಪೇಪರ್ ಮುಂದಿಟ್ಟ. "ಅಕ್ಕಾರ, ಸಹಿ ಮಾಡಿಸ್ರಿ. ಕೋರ್ಟು ಅಂದ್ರ ಚಪ್ಪಲಿ ಸವೀತಾವು" ಅಂದ. ತಮ್ಮನ ಹೆಂಡತಿ ಅಳುತ್ತಲೇ ಹೆಬ್ಬೆಟ್ಟು ಒತ್ತಿದಳು. "ಇನ್ನು ಮುಂದೆ ನಮ್ಮದು ಯಾವ ತಕರಾರೂ ಇಲ್ಲ" ಎಂದು ಆ ಕಾಗದದಲ್ಲಿತ್ತು. ಆರು ತಿಂಗಳು ನಾವು ಎಲ್ಲ ಮುಗಿಯಿತೆಂದೇ ನಂಬಿದ್ದೆವು.

ಮುಗಿದಿರಲಿಲ್ಲ. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 8ನೇ ಕಲಮಿನ ಪ್ರಕಾರ, ಸಾವಿನ ಪ್ರಕರಣದಲ್ಲಿ ಮಾಲೀಕರು ಪರಿಹಾರದ ಹಣವನ್ನು ಕಮಿಷನರ (ಈ ದಾವೆಗಳನ್ನು ತೀರ್ಮಾನಿಸುವ ಅಧಿಕಾರಿ) ಬಳಿಯೇ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರವಾಗುವುದಿಲ್ಲ. ಮೂರು ತಿಂಗಳ ಸಂಬಳದಷ್ಟನ್ನು ಮಾತ್ರ ಮುಂಗಡವಾಗಿ ಕೊಡಬಹುದು, ಅದನ್ನು ಕಮಿಷನರು ಆಮೇಲೆ ಕಳೆದುಕೊಳ್ಳುತ್ತಾರೆ. ಹೀಗಾಗಿ ನಮ್ಮ ಹೆಬ್ಬೆಟ್ಟು ದಾವೆಗೆ ಅಡ್ಡ ಬರಲಿಲ್ಲ, ಪರಿಹಾರದ ಮೊತ್ತದಲ್ಲಿ ಆ ಐವತ್ತು ಸಾವಿರವನ್ನು ಕಳೆದರು ಅಷ್ಟೆ. ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಕಾಗದಕ್ಕೆ ಸಹಿ ಹಾಕಿದ್ದರೆ ಎದೆಗುಂದಬೇಡಿ. ಇನ್ನೂ ಹಾಕಿಲ್ಲವಾದರೆ ಹಾಕಲೇಬೇಡಿ.

ಎಷ್ಟು ಸಿಗುತ್ತದೆ ಎಂಬ ಲೆಕ್ಕ ಯಾರ ದಯೆಯ ಮೇಲೂ ನಿಂತಿಲ್ಲ. ತಿಂಗಳ ಸಂಬಳದ ಅರ್ಧವನ್ನು, ತೀರಿಕೊಂಡವರ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿರುವ ಅಂಕಿಯಿಂದ ಗುಣಿಸಬೇಕು. 25 ವರ್ಷಕ್ಕೆ ಆ ಅಂಕಿ 216.91, 35ಕ್ಕೆ 197.06, 40ಕ್ಕೆ 184.17, 50ಕ್ಕೆ 153.09. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಮಿತಿ 2020ರ ಜನವರಿಯಿಂದ 15,000 ರೂಪಾಯಿ. ತಮ್ಮನಿಗೆ ದಿನಕ್ಕೆ 700 ಕೂಲಿ, ತಿಂಗಳಿಗೆ 26 ದಿನ ಹಿಡಿದರೆ 18,200. ಮಿತಿಗೆ ಇಳಿಸಿದಾಗ 15,000, ಅದರ ಅರ್ಧ 7,500. ಅದನ್ನು 197.06ರಿಂದ ಗುಣಿಸಿದರೆ 14,77,950 ರೂಪಾಯಿ. ಮೇಸ್ತ್ರಿ ಎಣಿಸಿ ಕೊಟ್ಟಿದ್ದು ಐವತ್ತು ಸಾವಿರ. ಈ ಲೆಕ್ಕವನ್ನು ವಕೀಲರು ಹಾಳೆಯ ಮೇಲೆ ಮಾಡಿ ತೋರಿಸಿದಾಗ ತಮ್ಮನ ಹೆಂಡತಿ "ಇನ್ನೊಮ್ಮೆ ಮಾಡ್ರಿ" ಅಂದಳು.

ಬಡ್ಡಿ ಬೇರೆ ಇದೆ, ವರ್ಷಕ್ಕೆ ನೂರಕ್ಕೆ 12. ಅದು ತೀರ್ಪಿನ ದಿನದಿಂದಲ್ಲ, ಅಪಘಾತವಾದ ದಿನದಿಂದಲೇ ಓಡುತ್ತದೆ. ಪರಿಹಾರ ಬಾಕಿ ಬೀಳುವುದೇ ಆ ದಿನ ಎಂದು ಸುಪ್ರೀಂ ಕೋರ್ಟ್ 1975ರಷ್ಟು ಹಿಂದೆಯೇ ಹೇಳಿದೆ. ಅರ್ಜಿಯಲ್ಲಿ ಬಡ್ಡಿಯನ್ನು ಬಿಡದೆ ಕೇಳಿ. ಸಕಾರಣವಿಲ್ಲದೆ ತಡ ಮಾಡಿದ ಮಾಲೀಕರಿಗೆ ನೂರಕ್ಕೆ ಐವತ್ತರವರೆಗೆ ದಂಡ ಹಾಕಲೂ ಅವಕಾಶವಿದೆ.

ನಿಜವಾದ ಕಷ್ಟವಿರುವುದು ಲೆಕ್ಕದಲ್ಲಲ್ಲ, ಪುರಾವೆಯಲ್ಲಿ. "ಆತ ನಮ್ಮ ಕೆಲಸಗಾರನೇ ಅಲ್ಲ" ಎಂದೇ ಗುತ್ತಿಗೆದಾರರು ಜವಾಬು ಹಾಕಿದರು. ನಮ್ಮನ್ನು ಉಳಿಸಿದ್ದು ಮೇಸ್ತ್ರಿಯ ಹಾಜರಿ ಪುಸ್ತಕ. ಸಿಮೆಂಟಿನ ಕೈ ತಾಗಿ ಅಂಚು ಬಿಳಿಚಿದ ಸಣ್ಣ ನೋಟ್‌ಬುಕ್ಕು ಅದು. ಪೂರ್ತಿ ದಿನಕ್ಕೆ ಒಂದು ಗುಣಾಕಾರದ ಗುರುತು, ಅರ್ಧ ದಿನಕ್ಕೆ ಒಂದು ಗೀಟು, ಅಡ್ವಾನ್ಸ್ ಕೊಟ್ಟಿದ್ದಕ್ಕೆ ಪಕ್ಕದಲ್ಲಿ ಕೆಂಪು ಶಾಯಿ. ತಮ್ಮನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ ಬಟವಾಡೆ ತಕರಾರಿಗೆಂದು ನಾಲ್ಕು ಪುಟಗಳ ಫೋಟೊ ಹೊಡೆದಿಟ್ಟಿದ್ದ. ತಮ್ಮ ಬಿದ್ದ ದಿನದ ಚೌಕದಲ್ಲಿ ಬರೀ ಗೀಟಿತ್ತು. ಅದರ ಜೊತೆಗೆ ಪ್ರತಿ ಶನಿವಾರ ಫೋನ್‌ಪೇಯಲ್ಲಿ ಬಂದ ಬಟವಾಡೆಯ ವಿವರವನ್ನು ಬ್ಯಾಂಕಿನಿಂದ ತೆಗೆಸಿದೆವು. ಆದ್ದರಿಂದ ತೀರಿಕೊಂಡವರ ಮೊಬೈಲನ್ನು ಯಾರಿಗೂ ಕೊಡಬೇಡಿ, ಸಿಮ್ ಬಂದ್ ಆಗಲು ಬಿಡಬೇಡಿ. ಜೊತೆಗಿದ್ದವರು ಬೇರೆ ಸೈಟಿಗೆ ಹೋಗುವ ಮುಂಚೆ ಹೆಸರು, ಊರು, ನಂಬರು ಬರೆದಿಟ್ಟುಕೊಳ್ಳಿ.

ಉಳಿದ ಕಾಗದಗಳು ಸುಲಭ: ಪೊಲೀಸ್ ಠಾಣೆಯ ಎಫ್‌ಐಆರ್ ಅಥವಾ ಯುಡಿಆರ್ (ಅಸಹಜ ಸಾವಿನ ವರದಿ), ಸ್ಥಳ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರ ಆಧಾರ್. ವಯಸ್ಸಿನ ಮೇಲೆ ಹಣ ನಿಂತಿರುವುದರಿಂದ ಶಾಲೆಯ ಟಿಸಿ ಸಿಕ್ಕರೆ ತೆಗೆಸಿ. "ಕುಡಿದಿದ್ದ", "ಹೆಲ್ಮೆಟ್ ಹಾಕಿರಲಿಲ್ಲ" ಎಂದು ಅವರು ಹೇಳಬಹುದು. ಗಾಯದ ಪ್ರಕರಣದಲ್ಲಿ ಆ ವಾದಕ್ಕೆ ಬೆಲೆಯಿದೆ, ಸಾವಿನ ಪ್ರಕರಣದಲ್ಲಿ ಇಲ್ಲ. ಗುತ್ತಿಗೆದಾರ ಕೈ ಎತ್ತುತ್ತಾನೆ ಅನ್ನಿಸಿದರೆ ಕೆಲಸ ಕೊಟ್ಟ ಕಟ್ಟಡ ಕಂಪನಿಯನ್ನೂ ಎದುರುದಾರರನ್ನಾಗಿ ಸೇರಿಸಿ. 12ನೇ ಕಲಮು ಮೂಲ ಮಾಲೀಕರನ್ನೂ ಹೊಣೆ ಮಾಡುತ್ತದೆ.

ಇದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ಅವಲಂಬಿತರು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ನಾವು ಕಮಿಷನರಾಗಿ ಈ ಕೇಸು ನೋಡುವ ನಮ್ಮ ಕಡೆಯ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆಯೇ ಹಾಕಿದೆವು. ಗಡುವು ಸಾವಿನಿಂದ ಎರಡು ವರ್ಷ. ಮೀರಿದರೆ ತಡಕ್ಕೆ ಸರಿಯಾದ ಕಾರಣ ತೋರಿಸಬೇಕು. ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ತೀರಿಕೊಂಡವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ದಾರಿಯೇ ಬೇರೆ. ಆಗ ಈ ದಾವೆ ನಡೆಯುವುದಿಲ್ಲ, ಇಎಸ್‌ಐ ಶಾಖಾ ಕಚೇರಿಯಿಂದ ತಿಂಗಳ ಪಿಂಚಣಿ ಬರುತ್ತದೆ. ಲಾರಿ ಡ್ರೈವರು, ಕ್ಲೀನರು ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರೆ ಮೋಟಾರು ವಾಹನ ಕಾಯ್ದೆ, ಈ ಕಾಯ್ದೆ ಎರಡರಲ್ಲಿ ಒಂದನ್ನೇ ಆರಿಸಬೇಕು. ಯಾವುದರಲ್ಲಿ ಹೆಚ್ಚು ಬರುತ್ತದೆಂದು ವಕೀಲರ ಹತ್ತಿರ ಲೆಕ್ಕ ಹಾಕಿಸಿಯೇ ಅರ್ಜಿ ಹಾಕಿ.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅರ್ಧ ಸಂಬಳವನ್ನು ವಯಸ್ಸಿನ ಅಂಕಿಯಿಂದ ಗುಣಿಸುವ ಕ್ರಮ ಅದರಲ್ಲೂ ಇದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಆದ ಅಪಘಾತವನ್ನೂ ಸೇರಿಸಿದ್ದಾರೆ. ಹಳೆಯ ಕಾಯ್ದೆಯಡಿಯೂ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಬೆಳಗಿನ ಜಾವದ ಪಾಳಿಗೆ ಹೊರಟು ದಾರಿಯಲ್ಲಿ ತೀರಿಕೊಂಡ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರ ಮನೆಯವರ ಪರ ತೀರ್ಪು ಕೊಟ್ಟಿತು.

ಅರ್ಜಿಯಲ್ಲಿ ಯಾರ ಹೆಸರು ಬರೆಸಬೇಕು ಎಂಬಲ್ಲಿ ನಮ್ಮ ಮನೆಯೇ ಒಡೆಯುವುದರಲ್ಲಿತ್ತು. "ಸೊಸೆ ಒಬ್ಬಳೇ ಎಲ್ಲ ತಗೊಂಡು ತವರಿಗೆ ಹೋಗ್ತಾಳ" ಎಂದು ನಮ್ಮವ್ವನ ಕಿವಿಗೆ ಊದಿದವರು ಬಹಳ ಮಂದಿ. ಕಾಯ್ದೆಯಲ್ಲಿ ಹೆಂಡತಿ, ಅಪ್ರಾಪ್ತ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು, ವಿಧವೆ ತಾಯಿ, ಇಷ್ಟೂ ಜನ ಮೊದಲ ಸಾಲಿನಲ್ಲಿದ್ದಾರೆ. ತಂದೆ ಬದುಕಿದ್ದರೆ ಮಗನ ದುಡಿಮೆಯ ಮೇಲೆ ಇದ್ದೆವೆಂದು ತೋರಿಸಬೇಕು. ಎಲ್ಲರ ಹೆಸರೂ ಒಂದೇ ಅರ್ಜಿಯಲ್ಲಿ ಇರಲಿ, ಪಾಲು ಹಂಚುವುದು ಕಮಿಷನರ ಕೆಲಸ. ಇದನ್ನು ಅವ್ವನಿಗೆ ಕೂರಿಸಿ ಹೇಳಿದ ಮೇಲೆ ಅತ್ತೆ ಸೊಸೆ ಒಂದೇ ಬಸ್ಸಿನಲ್ಲಿ ಕೋರ್ಟಿಗೆ ಬಂದರು.

ಆದೇಶ ಬಂದಿದ್ದು 2023ರಲ್ಲಿ. ಮಕ್ಕಳಿಬ್ಬರ ಪಾಲನ್ನು ಅವರವರ ಹೆಸರಿಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸಿದ್ದಾರೆ, ಅಸಲು ಕೈಗೆ ಬರುವುದು 18 ತುಂಬಿದ ಮೇಲೆ. ಓದಿಗೆ ಬಡ್ಡಿ ಬೇಕಾದರೆ ಅದಕ್ಕೆ ಬೇರೆ ಅರ್ಜಿ ಕೊಡಬೇಕು. ನಾವು ಕೊಟ್ಟೆವು. ಈಗ ಮೂರು ತಿಂಗಳಿಗೊಮ್ಮೆ ಅವರವ್ವನ ಖಾತೆಗೆ ಬರುತ್ತಿದೆ.