ಕಣ್ಣು ತೆರೆದೇ ಕೂರುವ ಧ್ಯಾನ

ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿ ಈಗ ದೊಡ್ಡವರಾಗಿರುವವರಿಗೆ ಜಪ, ಧ್ಯಾನ ಮಾಡಿಸುವಾಗ ನಾನು ಮೊದಲು ಕೈಬಿಟ್ಟದ್ದು ‘ಕಣ್ಣು ಮುಚ್ಚಿಕೊಳ್ಳಿ’ ಎಂಬ ಮಾತನ್ನು. ಕಣ್ಣು ಮುಚ್ಚಿದ ಕ್ಷಣವೇ ಅವರಲ್ಲಿ ಹಲವರಿಗೆ ಹಳೆಯ ಕೋಣೆ ಎದುರಿಗೆ ಬಂದು ನಿಲ್ಲುತ್ತದೆ. ಕಣ್ಣು ತೆರೆದು ಮಾಡುವ ಸಾಧನೆಗೆ ನಮ್ಮಲ್ಲಿ ಕೊರತೆಯೂ ಇಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟು ಕೂರುವ ಪದ್ಧತಿ ಇದೆ, ದೀಪ ನೋಡುವ ತ್ರಾಟಕ ಇದೆ. ನಾನು ಎಳ್ಳೆಣ್ಣೆ ದೀಪವನ್ನು ಮೂರಡಿ ದೂರದಲ್ಲಿ ಇಡುತ್ತೇನೆ. ಎರಡು ನಿಮಿಷ ದೀಪ ನೋಡುವುದು, ಆಮೇಲೆ ಕೋಣೆಯನ್ನೆಲ್ಲ ಒಮ್ಮೆ ನೋಡುವುದು, ಮತ್ತೆ ದೀಪ. ಕಣ್ಣು ಮಿಟುಕಿಸಬಾರದು ಎಂಬ ನಿಯಮ ಇಲ್ಲಿಲ್ಲ.

ಒಂದು ಗುಂಪಿಗೆ ಎಂಟು ಜನಕ್ಕಿಂತ ಹೆಚ್ಚು ಬೇಡ. ನಡೆಸುವವರು ಇಬ್ಬರಿರಬೇಕು, ಯಾರಾದರೂ ಎದ್ದು ಹೊರಗೆ ಹೋದರೆ ಒಬ್ಬರು ಅವರ ಜೊತೆಗಿರಲು. ಕುರ್ಚಿಗಳ ಬೆನ್ನು ಗೋಡೆಗೆ ಇರಲಿ, ಬಾಗಿಲು ಎಲ್ಲರಿಗೂ ಕಾಣಲಿ, ಚಿಲಕ ಹಾಕಬೇಡಿ. ಊದುಬತ್ತಿ, ಕರ್ಪೂರ ಹಚ್ಚುವ ಮೊದಲು ಒಬ್ಬೊಬ್ಬರನ್ನೂ ಕೇಳಿ. ನಡೆದದ್ದು ದೇವರ ಮನೆಯಲ್ಲೋ, ಪೂಜೆ ಮಾಡುವ ಕೈಯಿಂದಲೋ ಆಗಿದ್ದರೆ ಎಲ್ಲವನ್ನೂ ಮರಳಿ ತರಲು ಆ ವಾಸನೆಯೊಂದೇ ಸಾಕು. ತಲೆಯ ಮೇಲೆ ಕೈಯಿಟ್ಟು ಹರಸುವುದು, ಅಳುವವರ ಬೆನ್ನು ಸವರುವುದು ಇಲ್ಲವೇ ಇಲ್ಲ. ನನ್ನ ಕಾಲಿಗೂ ಯಾರೂ ಬೀಳುವಂತಿಲ್ಲ.

ಮೊದಲ ದಿನ ಧ್ಯಾನ ಮಾಡಿಸುವುದಿಲ್ಲ. ‘ಬೇಡ’ ಎನ್ನುವುದನ್ನು ಅಭ್ಯಾಸ ಮಾಡುತ್ತೇವೆ. ಒಂದು ಲೋಟ ನೀರು ಚಾಚುತ್ತೇನೆ. ಅವರು ಬೇಡ ಎನ್ನಬೇಕು, ನಾನು ಕಾರಣ ಕೇಳದೆ ಲೋಟ ಹಿಂದಕ್ಕೆ ತೆಗೆದುಕೊಳ್ಳಬೇಕು. ಕೆಲವರಿಗೆ ಇದಕ್ಕೇ ಮೂರು ವಾರ ಹಿಡಿಯುತ್ತದೆ. ಅವಸರ ಮಾಡಬೇಡಿ. ತಮ್ಮ ‘ಬೇಡ’ಕ್ಕೆ ಬೆಲೆಯಿದೆ ಎಂದು ದೇಹಕ್ಕೆ ಗೊತ್ತಾಗದೆ ಮಾಡಿಸಿದ ಸಾಧನೆ, ಹೇಳಿದಂತೆ ಕೇಳಿಕೊಂಡು ಬಿದ್ದಿರುವ ಹಳೆಯ ಅಭ್ಯಾಸವನ್ನೇ ಗಟ್ಟಿ ಮಾಡುತ್ತದೆ.

ಉಸಿರಿನಲ್ಲಿ ಉಸಿರು ಹಿಡಿದಿಡುವ ಕುಂಭಕ, ವೇಗವಾಗಿ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಮೂರನ್ನೂ ಬಿಟ್ಟಿದ್ದೇನೆ. ಉಸಿರು ಬಿಗಿಹಿಡಿದು ಬಚ್ಚಿಟ್ಟುಕೊಂಡ ಮಗುವಿನ ನೆನಪನ್ನು ಕುಂಭಕ ಕೆದಕಬಹುದು. ವೇಗದ ಉಸಿರಾಟದಲ್ಲಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಪ್ಯಾನಿಕ್ ಆದಾಗಲೂ ಆಗುವುದು ಇದೇ. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ, ಹತ್ತು ಸುತ್ತು ಸಾಕು. ಎಣಿಕೆಯೇ ಕಿರಿಕಿರಿಯಾದರೆ ಭ್ರಾಮರಿಯಂತೆ ಗುಂಯ್‌ಗುಡಲಿ, ಉಸಿರು ಬಿಡುವುದು ತಾನಾಗಿ ಉದ್ದವಾಗುತ್ತದೆ. ಕಿವಿ, ಕಣ್ಣು ಮುಚ್ಚುವುದು ಬೇಡ. ಶವಾಸನದ ಬದಲು ಗೋಡೆಗೆ ಒರಗಿ ಕೂರಬಹುದು, ಪಕ್ಕಕ್ಕೆ ಹೊರಳಿ ಮಲಗಲೂಬಹುದು.

ಜಪಕ್ಕೆ 108 ಮಣಿಯ ಸರವೇ ಇರಲಿ, ಆದರೆ ಮೊದಲ ತಿಂಗಳು ಹನ್ನೊಂದು ಮಣಿಗೆ ನಿಲ್ಲಿಸಿ. ಮಣಿ ಬೆರಳಿಗೆ ಹಿಡಿತ ಕೊಡುತ್ತದೆ, ನಡೆಸುವವರಿಗೆ ಸೂಚನೆಯನ್ನೂ ಕೊಡುತ್ತದೆ. ಬೆರಳು ಒಂದೇ ಮಣಿಯ ಮೇಲೆ ನಿಂತಿದೆ, ದೃಷ್ಟಿ ಎಲ್ಲೋ ನೆಟ್ಟಿದೆ, ಮುಖ ಶಾಂತವಾಗಿದೆ ಎಂದಾದರೆ ಎಚ್ಚರವಾಗಿ. ನಮ್ಮಲ್ಲಿ ಆಗುವ ಅತಿ ದೊಡ್ಡ ತಪ್ಪು ಇಲ್ಲೇ: ಇದನ್ನು ಸಮಾಧಿ ಎಂದು ಕೊಂಡಾಡಿಬಿಡುತ್ತೇವೆ. ಇದು ಡಿಸೋಸಿಯೇಷನ್. ತಪ್ಪಿಸಿಕೊಳ್ಳಲು ದಾರಿಯಿಲ್ಲದ ಮಗು ಮನಸ್ಸನ್ನಾದರೂ ದೇಹದಿಂದ ಹೊರಗೆ ಕಳಿಸಲು ಕಂಡುಕೊಂಡ ದಾರಿ. ಧ್ಯಾನದಿಂದ ಎದ್ದವರು ಸಾಮಾನ್ಯವಾಗಿ ಎಷ್ಟು ಹೊತ್ತಾಯಿತೆಂದು ಹೆಚ್ಚುಕಡಿಮೆ ಹೇಳುತ್ತಾರೆ, ನಡುವೆ ಕೇಳಿದ ಸದ್ದು ಅವರಿಗೆ ನೆನಪಿರುತ್ತದೆ. ಇವರಿಗೆ ಹೊತ್ತು ಹೋದದ್ದೇ ತಿಳಿದಿರುವುದಿಲ್ಲ, ಎಷ್ಟೋ ಸಲ ಕೈ ತಣ್ಣಗಾಗಿರುತ್ತದೆ, ಮಾತು ದೂರದಿಂದ ಬಂದಂತೆ ಕೇಳುತ್ತದೆ. ‘ಎಷ್ಟು ಆಳಕ್ಕೆ ಹೋಗಿದ್ದೀರಿ’ ಎಂದು ಹೊಗಳಿದರೆ ಅವರು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಾರೆ.

ಮರಳಿ ಕರೆತರಲು ಮುಟ್ಟಬೇಡಿ, ಅಲುಗಾಡಿಸಬೇಡಿ. ಹೆಸರು ಹಿಡಿದು ಕರೆಯಿರಿ. ಯಾವ ಹೆಸರೆಂದು ಮೊದಲೇ ಕೇಳಿಟ್ಟಿರಬೇಕು, ಮನೆಯವರು ಕರೆಯುತ್ತಿದ್ದ ಮುದ್ದಿನ ಹೆಸರೇ ಮುಳ್ಳಾಗಿರಬಹುದು. ಪಾದ ನೆಲಕ್ಕೆ ಒತ್ತಲು ಹೇಳಿ, ಕೋಣೆಯಲ್ಲಿರುವ ಐದು ಬಣ್ಣ ಹೇಳಿಸಿ, ಇವತ್ತಿನ ತಾರೀಖು, ಊರು, ಅವರ ಈಗಿನ ವಯಸ್ಸು ಹೇಳಿಸಿ. ಹೆಚ್ಚಿದ ನಿಂಬೆಹಣ್ಣು, ತಣ್ಣೀರು ಕೈಗೆಟುಕುವಂತೆ ಇರಲಿ. ಆ ದಿನಕ್ಕೆ ಅವರ ಜಪ ಅಲ್ಲಿಗೇ ಮುಗಿಯಿತು.

ದೇವರನ್ನು ಹೇಗೆ ಕರೆಯುವುದು ಎಂಬುದೂ ಸಣ್ಣ ಮಾತಲ್ಲ. ನಮ್ಮ ಪ್ರಾರ್ಥನೆಗಳಲ್ಲಿ ‘ತಂದೆ’ ಎಂಬ ಕರೆ ಬಹಳ. ಹಿಂಸಿಸಿದವನು ತಂದೆಯೇ ಆಗಿದ್ದರೆ ಆ ಪದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಬದಲಿಸಿಕೊಳ್ಳಲು ಬಿಡಿ. ಸಖ ಎನ್ನಲಿ, ತಾಯಿ ಎನ್ನಲಿ, ಯಾವ ಹೆಸರೂ ಬೇಡವೆಂದರೆ ಬೆಳಕು ಎನ್ನಲಿ. ತೊಟ್ಟಿಲ ಕೃಷ್ಣನಿಗೆ ಜೋಗುಳ ಹಾಡುವುದು ಕೆಲವರಿಗೆ ಆಶ್ಚರ್ಯವಾಗುವಷ್ಟು ಒಗ್ಗುತ್ತದೆ, ಏಕೆಂದರೆ ಅಲ್ಲಿ ದೇವರೇ ಮಗು, ಕಾಯುವವರು ಇವರು.

‘ಹಿಂದಿನ ಜನ್ಮದ ಕರ್ಮ’, ‘ಕ್ಷಮಿಸಿದರೆ ನಿನಗೇ ಹಗುರ’ ಎಂಬ ಎರಡು ಮಾತು ನನ್ನ ಕೋಣೆಯಲ್ಲಿ ನಿಷಿದ್ಧ. ಮೊದಲನೆಯದು ತಪ್ಪನ್ನು ಮಗುವಿನ ತಲೆಗೇ ಕಟ್ಟುತ್ತದೆ. ಎರಡನೆಯದು ಸಿಟ್ಟು ಬರುವ ಮೊದಲೇ ಅದನ್ನು ನುಂಗಿಸುತ್ತದೆ. ಕ್ಷಮೆಯ ಜಾಗದಲ್ಲಿ ಕಲ್ಲು ಇಳಿಸುವುದನ್ನು ಇಟ್ಟಿದ್ದೇನೆ: ಮುಷ್ಟಿಗಾತ್ರದ ಕಲ್ಲು ಹಿಡಿದು ‘ಈ ನಾಚಿಕೆ ನನ್ನದಲ್ಲ’ ಎಂದು ನೆಲಕ್ಕಿಡುವುದು. ಒಂಬತ್ತನೇ ವಾರಕ್ಕೆ ಮೊದಲು ಇದನ್ನು ಮಾಡಿಸಬೇಡಿ, ಅಂದು ರಾತ್ರಿ ಜೊತೆಗೆ ಯಾರೂ ಇಲ್ಲದವರಿಗಂತೂ ಬೇಡವೇ ಬೇಡ. ಇಳಿಸಲಾಗದೆ ಕಲ್ಲನ್ನು ಮನೆಗೆ ಒಯ್ದರೂ ಸರಿಯೇ.

ಹಬ್ಬಕ್ಕೆ ಎರಡು ವಾರ ಮುಂಚೆ ಒಂದಿಡೀ ತರಗತಿಯನ್ನು, ಹಿಂಸಿಸಿದವರನ್ನೇ ತೋರಿಸಿ ಮನೆಯವರು ಮಾಡುವ ‘ಅವರ ಕಾಲಿಗೆ ನಮಸ್ಕಾರ ಮಾಡು’ ಎಂಬ ಒತ್ತಾಯಕ್ಕೇ ಮೀಸಲಿಡುತ್ತೇನೆ. ದೂರದಿಂದಲೇ ಕೈ ಮುಗಿಯುವುದು, ಊಟದ ಹೊತ್ತಿಗೆ ಹೋಗಿ ಬೇಗ ಹೊರಡುವುದು, ಫೋನ್ ಮಾಡಿ ಕರೆಸಿಕೊಳ್ಳಲು ಗೆಳತಿಯೊಬ್ಬಳನ್ನು ಗೊತ್ತುಮಾಡಿಕೊಳ್ಳುವುದು, ಹೋಗದೆಯೇ ಇರುವುದು: ಇವನ್ನೆಲ್ಲ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿಸಬೇಕು. ಗಂಡಸರನ್ನು ಮರೆಯಬೇಡಿ. ಕೇಂದ್ರ ಸರ್ಕಾರದ 2007ರ ಅಧ್ಯಯನದಲ್ಲಿ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಹೇಳಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರೇ ಇದ್ದರು.

ಇದು ಚಿಕಿತ್ಸೆಗೆ ಬದಲಿಯಲ್ಲ. ಔಷಧಿ ನಿಲ್ಲಿಸಲು ಯಾರಿಗೂ ಹೇಳುವುದಿಲ್ಲ. ಸಾಯುವ ಯೋಚನೆ, ಕೈ ಕುಯ್ದುಕೊಳ್ಳುವುದು, ದಿನಗಟ್ಟಲೆ ನಿದ್ದೆಯಿಲ್ಲದಿರುವುದು ಕಂಡರೆ ಅಂದೇ ಮನೋವೈದ್ಯರ ಬಳಿ ಕಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಗುಟ್ಟು ಕಾಪಾಡುತ್ತೇನೆ ಎಂದು ಮಾತು ಕೊಡುವಾಗ ಒಂದು ಮಿತಿಯನ್ನು ಮೊದಲ ದಿನವೇ ಹೇಳಿಬಿಡುತ್ತೇನೆ: 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಅಂದು ಹಿಂಸಿಸಿದ ಮನುಷ್ಯನ ಮನೆಯಲ್ಲಿ ಈಗಲೂ ಮಕ್ಕಳಿದ್ದಾರೆಯೇ ಎಂದು ಕೇಳಲು ಹಿಂಜರಿಯಬೇಡಿ.