ಕ್ಯಾರವಾನಿನ ಆನಿಂಗ್ ಬಟ್ಟೆ ಬದಲಿಸುವಾಗ ಸ್ಪ್ರಿಂಗಿನ ಬಗ್ಗೆ ಎಚ್ಚರವಿರಲಿ

ವಿಜಯಪುರದ ಬಿಸಿಲಿಗೆ ನಮ್ಮ ಕ್ಯಾರವಾನಿನ ಆನಿಂಗ್ ಬಟ್ಟೆ (ವಾಹನದ ಪಕ್ಕದಿಂದ ಹೊರಚಾಚುವ ನೆರಳಿನ ಬಟ್ಟೆ) ಹೊಲಿಗೆಯ ಸಾಲಿನಲ್ಲೇ ಬಿರಿದಿದ್ದರಿಂದ ಕಳೆದ ವಾರ ಅದನ್ನು ಬದಲಿಸಿದೆವು. ಬಟ್ಟೆ ಬದಲಿಸುವುದು ಅಷ್ಟು ಕಷ್ಟವಲ್ಲ. ಅಪಾಯವಿರುವುದು ಬಟ್ಟೆ ಸುತ್ತುವ ಕೊಳವೆಯೊಳಗಿನ ಸ್ಪ್ರಿಂಗಿನಲ್ಲಿ. ಕೊಳವೆಯನ್ನು ಅದಕ್ಕೆ ಆಧಾರವಾದ ಆನಿಂಗಿನ ತೋಳುಗಳಿಂದ ಬಿಡಿಸುವ ಮುನ್ನ ತುದಿಯ ಮುಚ್ಚಳದ ರಂಧ್ರಕ್ಕೆ ಪಿನ್ನು ಹಾಕಿ ಲಾಕ್ ಮಾಡದಿದ್ದರೆ, ಬಿಗಿದ ಸ್ಪ್ರಿಂಗ್ ಒಮ್ಮೆಲೇ ತಿರುಗಿ ಬೆರಳನ್ನೋ ಮಣಿಕಟ್ಟನ್ನೋ ಮುರಿಯಬಲ್ಲದು. ಅದನ್ನು ಸಡಿಲಿಸುವಾಗ ಒಬ್ಬರು ಲಾಕಿಂಗ್ ಪ್ಲೈಯರಿನಿಂದ ಬಿಗಿಯಾಗಿ ಹಿಡಿದು ಒಂದೊಂದೇ ಸುತ್ತು ಬಿಡುತ್ತಿರಬೇಕು. ಎಷ್ಟು ಸುತ್ತು, ಯಾವ ದಿಕ್ಕಿಗೆ ಎಂಬುದನ್ನು ಇನ್ನೊಬ್ಬರು ಬರೆದುಕೊಳ್ಳಬೇಕು. ಎರಡೂ ತುದಿಗಳಲ್ಲಿ ಸ್ಪ್ರಿಂಗ್ ಇದ್ದರೆ ಎಡದ್ದನ್ನೂ ಬಲದ್ದನ್ನೂ ಅದಲುಬದಲು ಮಾಡದಂತೆ ಮೊದಲೇ ಗುರುತು ಹಾಕಿರಿ.

ಬಟ್ಟೆಯ ಅಂಚು ಕೂರುವ ಹಳಿಯ ತೋಡಿನಲ್ಲಿ ಎರೆಮಣ್ಣಿನ ಧೂಳು ಗಟ್ಟಿಯಾಗಿ ಕೂತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ತೆಗೆದು ಸಿಲಿಕೋನ್ ಸ್ಪ್ರೇ ಹಾಕಿದ ಮೇಲೆ ಹೊಸ ಬಟ್ಟೆಯ ಅಂಚು ಸರಾಗವಾಗಿ ಜಾರಿತು. ಎಣ್ಣೆ ಮಾತ್ರ ಬೇಡ, ಅದು ಧೂಳನ್ನು ಹಿಡಿದಿಡುತ್ತದೆ.

ಮರಳಿ ಬಿಗಿಯುವಾಗ ತಯಾರಕರ ಕೈಪಿಡಿಯಲ್ಲಿರುವ ಸುತ್ತುಗಳ ಸಂಖ್ಯೆಯನ್ನೇ ಪಾಲಿಸಿರಿ, ಏಕೆಂದರೆ ಅದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಕಡಿಮೆಯಾದರೆ ಬಟ್ಟೆ ಜೋತುಬೀಳುತ್ತದೆ. ಹೆಚ್ಚಾದರೆ ಮಡಚುವಾಗ ಕೊಳವೆ ರಭಸದಿಂದ ಹಿಂದಕ್ಕೆ ಬಡಿಯುತ್ತದೆ. ಅಡ್ಡಮಳೆಯ ಗಾಳಿ ಏಳುವ ಸಂಜೆಗಳಲ್ಲಿ ದಯವಿಟ್ಟು ಈ ಕೆಲಸಕ್ಕೆ ಕೈಹಾಕಬೇಡಿ. ಬಿಚ್ಚಿದ ಬಟ್ಟೆ ಗಾಳಿಗೆ ಉಬ್ಬಿದರೆ ಏಣಿಯ ಮೇಲಿರುವವರು ಆಯ ತಪ್ಪುತ್ತಾರೆ.